ಇಲಿಯ ಮೀಸೆಯೂ ಮಿದುಳಿನ ನಕ್ಷೆಯೂ

ಜೀವಶರೀರದಲ್ಲಿ ಒಂದು ರಚನೆಯನ್ನು ಕಾಣುವುದೇ ಬೇರೆ, ಅದರ ಅರ್ಥವನ್ನು ಅರಿಯುವುದೇ ಬೇರೆ. ಇವೆರಡರ ನಡುವಣ ಅಂತರವು ಎಷ್ಟು ದೀರ್ಘವಾಗಬಲ್ಲುದೆಂಬುದಕ್ಕೆ ಇಲಿಯ ಸ್ಪರ್ಶಜ್ಞಾನವನ್ನು ಕುರಿತ ಸಂಶೋಧನೆಯ ಇತಿಹಾಸವನ್ನು ನಾವು ನಿದರ್ಶನವಾಗಿ ತೆಗೆದುಕೊಳ್ಳಬಹುದು.

ಕತ್ತಲೆಯಲ್ಲಿ ಸಂಚರಿಸುವ ಇಲಿಗೆ ಮೀಸೆಯ ಕೂದಲುಗಳೇ ಬೆರಳುಗಳು. ಅವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತ, ತಗುಲಿದ ವಸ್ತುವಿನ ಇರವನ್ನೂ ಅದರ ಮೈಯ ನುಣುಪು ಒರಟುಗಳನ್ನೂ ಅದು ತಿಳಿದುಕೊಳ್ಳುತ್ತದೆ. 1912ರಲ್ಲಿ ಅಮೆರಿಕದ ಸ್ಟೆಲ್ಲಾ ವಿನ್ಸೆಂಟ್ ಎಂಬ ವಿದುಷಿಯು ಬಿಳಿಯ ಇಲಿಗಳನ್ನು ಸುತ್ತುದಾರಿಗಳಲ್ಲಿ ಓಡಿಸಿ, ಹಾದಿಯನ್ನರಿಯಲು ಮೀಸೆಯು ನೆರವಾಗುವುದೆಂದು ತೋರಿಸಿದರು. ಆದರೆ ಆ ಸ್ಪರ್ಶವು ಮಿದುಳಿನಲ್ಲಿ ಯಾವ ರೂಪವನ್ನು ತಾಳುತ್ತದೆ?

ಉತ್ತರವು ಹತ್ತು ವರ್ಷಗಳಲ್ಲಿಯೇ ಕಣ್ಣೆದುರಿಗೆ ಬಂದಿತ್ತು. ಕಹಾಲರ ಶಿಷ್ಯರಾದ ಸ್ಪೇನಿನ ಲೊರೆಂತೆ ದೆ ನೊ ಅವರು 1922ರಲ್ಲಿ ಚಿಟ್ಟಿಲಿಯ ಮಿದುಳಿನ ಹೊರಪದರದಲ್ಲಿ ನರಕೋಶಗಳ ವಿಶಿಷ್ಟವಾದ ಗುಂಪುಗಳನ್ನು ವರ್ಣಿಸಿದರು. ಆದರೆ ಆ ಪ್ರದೇಶವನ್ನು ಶ್ರವಣಕ್ಕೆ ಸೇರಿದುದೆಂದು ಭಾವಿಸಿದರು. ಆ ಗುಂಪುಗಳ ನಿಜವಾದ ಅರ್ಥವು ಪ್ರಕಟವಾಗಲು ಇನ್ನೂ 48 ವರ್ಷಗಳು ಬೇಕಾದವು.

1970ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಟಾಮಸ್ ವುಲ್ಸಿ ಮತ್ತು ಹೆಂಡ್ರಿಕ್ ವಾನ್ ಡರ್ ಲೂಸ್ ಅವರು ಹೊರಪದರವನ್ನು ಅದರ ಮೇಲ್ಮೈಗೆ ಸಮಾಂತರವಾಗಿ ತೆಳ್ಳಗೆ ಕತ್ತರಿಸಿ ಪರೀಕ್ಷಿಸಿದರು. ನಾಲ್ಕನೆಯ ಸ್ತರದಲ್ಲಿ ಉಂಗುರಾಕಾರದ ಕೋಶಸಮೂಹಗಳು ಐದು ಸಾಲುಗಳಾಗಿ ಕಂಡವು. ಮೋರೆಯ ಮೇಲಿನ ದೊಡ್ಡ ಮೀಸೆಗಳೂ ಐದೇ ಸಾಲು! ಒಂದೊಂದು ಕೂದಲಿಗೂ ಒಂದೊಂದು ಸಮೂಹವಿರಬೇಕೆಂದು ಊಹಿಸಿ, ಅವಕ್ಕೆ ಪೀಪಾಯಿಗಳೆಂದು ಅವರು ಹೆಸರಿಟ್ಟರು. 1973ರಲ್ಲಿ, ಹುಟ್ಟಿದ ಮರಿಗಳ ಕೆಲವು ಮೀಸೆಗಳ ಬುಡವನ್ನು ನಾಶಪಡಿಸಿದಾಗ ಅವಕ್ಕೆ ಸಂಬಂಧಿಸಿದ ಪೀಪಾಯಿಗಳು ರೂಪುಗೊಳ್ಳಲಿಲ್ಲವೆಂಬುದನ್ನೂ ಅವರೇ ಪ್ರಕಟಿಸಿದರು.

ನಕ್ಷೆಯು ದೊರೆತ ಮೇಲೆ ಅದರ ಒಳವ್ಯಾಪಾರದ ಶೋಧನೆಗೆ ಅವಕಾಶವಾಯಿತು. ಥಾಲಮಸ್ಸಿನಿಂದ ಬರುವ ನರತಂತುಗಳು ಪೀಪಾಯಿಯಲ್ಲಿ ಉದ್ರೇಕಿಸುವ ಕೋಶಗಳನ್ನಷ್ಟೇ ಅಲ್ಲದೆ ತಡೆಯೊಡ್ಡುವ ಕೋಶಗಳನ್ನೂ ಎಚ್ಚರಿಸುತ್ತವೆ. ಆದುದರಿಂದ ಉದ್ರೇಕದ ಬೆನ್ನಿಗೇ, ಕೆಲವೇ ಸಹಸ್ರಾಂಶ ಸೆಕೆಂಡುಗಳಲ್ಲಿ, ತಡೆಯೂ ಬಂದೊದಗುತ್ತದೆ. ಏಕಕಾಲಕ್ಕೆ ಕೂಡಿ ಬಂದ ಸಂಕೇತಗಳು ಗೆಲ್ಲುತ್ತವೆ; ಚದುರಿ ಬಂದವು ಅಡಗುತ್ತವೆ. ಸ್ಪರ್ಶವು ಮರುಕಳಿಸಿದಾಗ ಈ ತಡೆಯು ಉದ್ರೇಕಕ್ಕಿಂತ ಹೆಚ್ಚು ಕುಗ್ಗುವುದೆಂದು 2005ರಲ್ಲಿ ಗೇಬರ್ನೆಟ್ ಮತ್ತು ಅವರ ಸಂಗಡಿಗರು ತೋರಿಸಿದರು. ಸ್ಪರ್ಶದ ಸೂಕ್ಷ್ಮತೆಯು ಮೀಸೆಯಿಂದ ಮಾತ್ರ ನಿರ್ಧಾರವಾಗದೆ, ಈ ಮಂಡಲದಿಂದಲೂ ನಿಯಂತ್ರಿತವಾಗುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಸ್ಪರ್ಶಜ್ಞಾನದ ನೆಲೆಯು ಇದೇ ಎನ್ನೋಣವೆ? ಹಾಗೆನ್ನಲು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಅಡ್ಡಬರುತ್ತದೆ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಬ್ರೂನೊ ಮತ್ತು ಸಹೋದ್ಯೋಗಿಗಳು, ಮೀಸೆಯಿಂದ ವಸ್ತುವನ್ನು ಪತ್ತೆಹಚ್ಚಲು ಕಲಿತ ಚಿಟ್ಟಿಲಿಗಳಲ್ಲಿ ಈ ಪ್ರದೇಶವನ್ನು ನಾಶಪಡಿಸಿದರು. ಅವು ಮೊದಲು ತಡವರಿಸಿದರೂ ಮುಂದಿನ ಪರೀಕ್ಷೆಯ ವೇಳೆಗೆ ಪೂರ್ವದ ಸಾಮರ್ಥ್ಯವನ್ನು ಮರಳಿ ಪಡೆದಿದ್ದವು. ಪತ್ತೆಹಚ್ಚುವಷ್ಟರ ಕೆಲಸಕ್ಕೆ ಮಿದುಳಿನ ಇತರ ಭಾಗಗಳೂ ಸಾಕಾಗಬಹುದೆಂದು ಇದರಿಂದ ಊಹಿಸಬೇಕಾಗುತ್ತದೆ.

ಲೊರೆಂತೆ ದೆ ನೊ ಅವರು ರಚನೆಯನ್ನು ಸರಿಯಾಗಿ ಕಂಡರು, ಅದರ ಅರ್ಥದಲ್ಲಿ ಎಡವಿದರು. ನಕ್ಷೆಯು ಸ್ಪಷ್ಟವಾಗಿದೆಯೆಂಬ ಮಾತ್ರಕ್ಕೆ ಅನುಭವದ ನೆಲೆಯೇ ಸಿಕ್ಕಿತೆಂದು ನಂಬಿದರೆ, ಅದೇ ಬಗೆಯ ತಪ್ಪನ್ನು ನಾವೂ ಮಾಡಿದಂತಾದೀತು.