ಅಲೆಯ ಶಕ್ತಿ ಮತ್ತು ಆಕಾರದ ಶೋಧ: ಸಾಲ್ಟರ್ ಅವರ ‘ಡಕ್’

ಸಾಗರದ ಅಲೆಗಳಿಂದ ಶಕ್ತಿ ಪಡೆಯುವ ಯಂತ್ರಕ್ಕೆ ಜಿರಾರ್ ಮನೆತನದ ತಂದೆ ಮತ್ತು ಮಗ 1799ರಲ್ಲಿಯೇ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದಿದ್ದರು. ಆದರೆ ಅಂತಹ ಯಂತ್ರದ ಆಕಾರ ಹೇಗಿರಬೇಕೆಂಬ ಪ್ರಶ್ನೆಗೆ ಗಣಿತ ಹಾಗೂ ಪ್ರಯೋಗಗಳ ವ್ಯವಸ್ಥಿತ ನೆಲೆ ದೊರೆತದ್ದು 1973ರ ತೈಲ ಬಿಕ್ಕಟ್ಟಿನ ತರುವಾಯ. ಎಡಿನ್‌ಬರೊ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ 1974ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ದಿಸೆಯಲ್ಲಿ ಮಹತ್ವದ್ದು.

ಅಲೆಯನ್ನು ಹೀರುವುದೆಂದರೆ ಅದನ್ನು ಅಳಿಸುವಂತಹ ಮತ್ತೊಂದು ಅಲೆಯನ್ನು ಎಬ್ಬಿಸುವುದೇ ಆಗಿದೆ. ಕಿರಿದಾದ ತೊಟ್ಟಿಯ ಅಗಲವನ್ನೆಲ್ಲ ಆವರಿಸಿ ಮೇಲೆ ಕೆಳಗೆ ಮಾತ್ರ ಆಡುವ, ಸಮಮಿತಿಯುಳ್ಳ ತೇಲುಕಾಯವು ಮುಂದಕ್ಕೂ ಹಿಂದಕ್ಕೂ ಸಮನಾದ ಅಲೆಗಳನ್ನು ಎಬ್ಬಿಸುತ್ತದೆ. ಆದ್ದರಿಂದ ಅದು ಬರುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪಡೆಯಲಾರದು. ಸಾಲ್ಟರ್ ಈ ಮಿತಿಯನ್ನು ಆಕಾರದ ಮೂಲಕವೇ ದಾಟಿದರು. ಅವರ ಸಾಧನದ ಹಿಂಬದಿಯು ತಿರುಗುವ ಅಕ್ಷವನ್ನೇ ಕೇಂದ್ರವಾಗಿ ಹೊಂದಿದ ವೃತ್ತಖಂಡ. ಸಾಧನ ತೂಗಾಡಿದರೂ ಹಿಂದಿನ ನೀರು ಸರಿಯದು; ಅಲ್ಲಿ ಅಲೆ ಏಳದು. ಮುಂಬದಿಯ ವಕ್ರರೇಖೆ ನೀರಿನ ಕಣಗಳ ಚಲನೆಗೆ ಹೊಂದುವಂತಹದು. ಆಳಸಾಗರದಲ್ಲಿ ಈ ಚಲನೆ ಕೆಳಗಿಳಿದಂತೆ ಬೇಗನೆ ಕುಗ್ಗಿ, ಅರ್ಧ ತರಂಗದೂರದ ಆಳದಲ್ಲಿ ಮೇಲ್ಮೈಯಲ್ಲಿರುವುದರ ಸುಮಾರು ಶೇ. 4ರಷ್ಟು ಮಾತ್ರ ಉಳಿಯುತ್ತದೆ. ತಲೆದೂಗುವ ಈ ರೂಪಕ್ಕೆ ‘ಡಕ್’, ಅಂದರೆ ಬಾತುಕೋಳಿ, ಎಂಬ ಹೆಸರು ಬಂದಿತು. ತೊಟ್ಟಿಯ ಕ್ರಮಬದ್ಧ ಅಲೆಗಳಲ್ಲಿ ಅದು ಶೇ. 80ಕ್ಕೂ ಹೆಚ್ಚು ಶಕ್ತಿಯನ್ನು ಹೀರಿತು.

ಆದರೆ ತೊಟ್ಟಿಯ ಗೋಡೆಗಳಿಲ್ಲದ ಕಡಲಿನಲ್ಲಿ ಅಳತೆಗೋಲೇ ಬದಲಾಗುತ್ತದೆ. ಮೇಲೆ ಕೆಳಗೆ ಆಡುವ ದುಂಡನೆಯ ತೇಲುಕಾಯವು ಗರಿಷ್ಠವಾಗಿ, ತರಂಗದೂರವನ್ನು 2 ಪೈಯಿಂದ ಭಾಗಿಸಿದಷ್ಟು ಅಗಲದ ಅಲೆಯ ಶಕ್ತಿಯನ್ನು ಪಡೆಯಬಲ್ಲದೆಂದು ನಾರ್ವೆಯ ಬುಡಾಲ್ ಮತ್ತು ಫಾಲ್ನೆಸ್, ಬ್ರಿಟನ್ನಿನ ಇವಾನ್ಸ್ ಮೊದಲಾದವರು 1975-76ರ ಸುಮಾರಿಗೆ ತೋರಿಸಿದರು. 100 ಮೀಟರ್ ತರಂಗದೂರಕ್ಕೆ ಇದು ಸುಮಾರು 16 ಮೀಟರ್. ಕಾಯದ ವ್ಯಾಸ ಅದಕ್ಕಿಂತ ಕಡಿಮೆಯೇ ಇರಬಹುದು. ತೊಟ್ಟಿಯಲ್ಲಿ ಹಿಂದೆಬಿದ್ದ ಆಕಾರ ಹೀಗೆ ಮರಳಿ ಪರಿಗಣನೆಗೆ ಬಂದಿತು.

ಬ್ರಿಟಿಷ್ ಸರ್ಕಾರವು 1976ರಲ್ಲಿ ಆರಂಭಿಸಿದ ಅಲೆಶಕ್ತಿ ಕಾರ್ಯಕ್ರಮದಲ್ಲಿ ಮೂರನೆಯ ಅಳತೆಗೋಲೊಂದು ನಿರ್ಣಾಯಕವಾಯಿತು. ಅದು ಉತ್ಪಾದಿತ ವಿದ್ಯುತ್ತಿನ ವೆಚ್ಚ. 1982ರಲ್ಲಿ ಧನಸಹಾಯದ ಬಹುಪಾಲು ನಿಂತಿತು. ವೆಚ್ಚದ ಅಂದಾಜುಗಳನ್ನು ಕುರಿತ ವಿವಾದ ಬಹುಕಾಲ ಉಳಿಯಿತು. 2024ರಲ್ಲಿ ಸಾಲ್ಟರ್ ನಿಧನರಾದಾಗಲೂ ಪೂರ್ಣಗಾತ್ರದ ಡಕ್ ಕಡಲಿಗಿಳಿದಿರಲಿಲ್ಲ.

ಭಾರತದಲ್ಲಿ ಮದರಾಸಿನ ಐಐಟಿಯ ನೇತೃತ್ವದಲ್ಲಿ ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಆರಂಭವಾದ ಪ್ರಾಯೋಗಿಕ ಸ್ಥಾವರ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಕಾಂಕ್ರೀಟ್ ಕೋಣೆ ಅಚಲ. ಅದರೊಳಗೆ ಏರಿಳಿಯುವ ನೀರು ಗಾಳಿಯನ್ನು ತಳ್ಳಿ ಟರ್ಬೈನ್ ತಿರುಗಿಸುತ್ತಿತ್ತು.

ಇಂದು ಗಣಕಯಂತ್ರಗಳು ಅಸಂಖ್ಯ ಆಕಾರಗಳನ್ನು ಹೋಲಿಸಿ ಉತ್ತಮವಾದುದನ್ನು ಆರಿಸಬಲ್ಲವು. ಹೀರಿದ ಶಕ್ತಿಯನ್ನು ಅಳೆದರೆ ಒಂದು ಆಕಾರ, ಬಳಸಿದ ಉಕ್ಕು-ಕಾಂಕ್ರೀಟಿಗೆ ಪ್ರತಿಯಾಗಿ ದೊರೆತ ಶಕ್ತಿಯನ್ನು ಅಳೆದರೆ ಮತ್ತೊಂದು ಆಕಾರ ಗೆಲ್ಲಬಹುದು. ಯಾವುದನ್ನು ಅಳೆಯಬೇಕೆಂಬ ತೀರ್ಮಾನ ಆಕಾರದ ಆಯ್ಕೆಗಿಂತ ಮೊದಲಿನದೆಂಬುದನ್ನು ಡಕ್‌ನ ಇತಿಹಾಸ ಸ್ಪಷ್ಟಪಡಿಸುತ್ತದೆ.