ತಡವಾಗಿ ಬಂದ ಪದಕ

ಇತಿಹಾಸವೆಂದರೆ ಇಸವಿಗಳ ಬಾಯಿಪಾಠ ಎಂದು ಮಕ್ಕಳು ಬೇಸರಪಡುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ ಮಾತು: ಪ್ರತಿ ಇಸವಿಯ ಹಿಂದೆಯೂ ಒಂದು ಮನೆ ಇರುತ್ತದೆ. 1965 ಎಂದೊಡನೆ ನನ್ನ ಕಣ್ಣಮುಂದೆ ಬರುವುದು ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಮನೆ.

ದೇವಯ್ಯನವರು ಹುಟ್ಟಿದ್ದು 1932ರಲ್ಲಿ. 1954ರಲ್ಲಿ ವಾಯುಪಡೆ ಸೇರಿ ಯುದ್ಧವಿಮಾನದ ಪೈಲಟ್ ಆದರು. ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಕೆಲಸವನ್ನೂ ಮಾಡಿದ್ದರು. ಪಾಠ ಹೇಳುವವರೆಂದು ನನಗೆ ಅವರ ಮೇಲೆ ಒಂದಿಷ್ಟು ಹೆಚ್ಚಿನ ಅಭಿಮಾನ.

ಆ ವರ್ಷದ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬದ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟವು. ಹೋಗಬೇಕಾದವು ಹನ್ನೆರಡು. ಅವುಗಳಲ್ಲಿ ಯಾವುದಾದರೂ ಹಿಂದೆ ಉಳಿದರೆ ಇರಲಿ ಎಂದು ನಿಲ್ಲಿಸಿದ್ದ ಹೆಚ್ಚುವರಿ ಪೈಲಟ್ ದೇವಯ್ಯ. ಅವರೂ ದಾಳಿಯಲ್ಲಿ ಸೇರಿಕೊಂಡರು.

ಅವರನ್ನು ಎದುರಿಸಿದ್ದು ಅಮೆರಿಕೆಯಲ್ಲಿ ತಯಾರಾದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನವದು. ಅದರ ಮುಂದೆ ಮಿಸ್ಟೇರ್ ಎಂದರೆ ಕುದುರೆಯ ಮುಂದೆ ಎತ್ತಿನ ಬಂಡಿ. ದೇವಯ್ಯನವರ ವಿಮಾನಕ್ಕೆ ಗುಂಡು ತಗುಲಿತು. ಆದರೂ ಅವರು ತಿರುಗಿ ನಿಂತು ಕಾದಿದರು, ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಜೀವ ಉಳಿಸಿಕೊಂಡ. ದೇವಯ್ಯನವರು ಮರಳಲಿಲ್ಲ.

ಈ ಕಾಳಗವನ್ನು ನಮ್ಮವರಾರೂ ಕಂಡಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಉಳಿದದ್ದು ಒಂದೇ ಶಬ್ದ: ಕಾಣೆ.

ಈ ಶಬ್ದದ ಭಾರ ಹೆಣ್ಣುಮಕ್ಕಳಿಗೆ ಗೊತ್ತು. ಸತ್ತರೆಂದರೆ ಅತ್ತು ಹಗುರಾಗಬಹುದು. ಕಾಣೆ ಎಂದರೆ ಅಳುವುದೂ ತಪ್ಪು, ನಗುವುದೂ ತಪ್ಪು. 1971ರ ಯುದ್ಧದಲ್ಲಿ ನನ್ನ ಸೋದರಮಾವ ಸೈನ್ಯದಲ್ಲಿದ್ದ. ನಾನಾಗ ತೊಟ್ಟಿಲ ಕೂಸು. ಇಳಕಲ್ಲಿನ ನಮ್ಮ ಓಣಿಗೆ ಟಪಾಲಿನವನು ಬಂದರೆ ಅಜ್ಜಿ ಮಗ್ಗ ನಿಲ್ಲಿಸಿ ಬಾಗಿಲಿಗೆ ಓಡುತ್ತಿದ್ದಳಂತೆ. “ಯಪ್ಪಾ, ತಂತಿ ಬಂದಿದ್ರ ಒಳಗ ತರಬ್ಯಾಡ. ಕಾಗದ ಇದ್ರ ಅಷ್ಟ ಕೊಡು” ಎನ್ನುತ್ತಿದ್ದಳೆಂದು ಅವ್ವ ಹೇಳುತ್ತಿದ್ದಳು. ಮಾವ ಮರಳಿ ಬಂದ. ಅಜ್ಜಿ ಕಾದದ್ದು ಕೆಲವು ವಾರ. ದೇವಯ್ಯನವರ ಹೆಂಡತಿ ಸುಂದರಿಯವರ ಗತಿ ಏನು?

ಆ ದಿನ ನಡೆದದ್ದು ಬೆಳಕಿಗೆ ಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯಿಂದ ಬರೆದ ಯುದ್ಧದ ಪುಸ್ತಕದಿಂದ. ನೋಡಿರಿ, ನಮ್ಮ ವೀರನಿಗೆ ಸಾಕ್ಷಿ ಸಿಕ್ಕಿದ್ದು ವೈರಿಯ ಮನೆಯಲ್ಲಿ! ಆಮೇಲೆ ಅವರ ಜೊತೆಯವರು ಕಾಗದ ಬರೆದು ಸರಕಾರಕ್ಕೆ ನೆನಪಿಸಿದರು. 1988ರಲ್ಲಿ ಮಹಾವೀರ ಚಕ್ರ ಬಂತು. ಅದನ್ನು ಸ್ವೀಕರಿಸಿದವರು ಸುಂದರಿ ದೇವಯ್ಯನವರು. ಗಂಡ ಹೋದ 23 ವರ್ಷಗಳ ನಂತರ.

ಮಡಿಕೇರಿಯಲ್ಲಿ ಈಗ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಆಗಬೇಕಾದದ್ದೇ. ವೀರರನ್ನು ನೆನೆಯುವುದು ನಮ್ಮ ನಾಡಿಗೆ ಹೊಸದಲ್ಲ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಸುಮಾರು ಸಾವಿರದ ಮುನ್ನೂರು ವರ್ಷಗಳಿಂದ ನಿಂತಿದೆ. ಹಳ್ಳಿಹಳ್ಳಿಗೆ ವೀರಗಲ್ಲುಗಳಿವೆ. ಒಂದನ್ನು ಕೆಳಗಿನಿಂದ ಮೇಲಕ್ಕೆ ಓದಿರಿ: ಮೊದಲ ಸಾಲಿನಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರು ವೀರನನ್ನು ಒಯ್ಯುವುದು, ತುದಿಯಲ್ಲಿ ಶಿವನ ಸನ್ನಿಧಿ. ಮನೆಯಲ್ಲಿ ಉಳಿದವಳು ಅಲ್ಲಿಲ್ಲ. ಅವಳಿಗೆ ಕಲ್ಲು ಬೇಕಾದರೆ ಗಂಡನ ಹಿಂದೆ ಸಾಯಬೇಕಿತ್ತು, ಆಗ ಮಹಾಸತಿಕಲ್ಲು ಆಗುತ್ತಿದ್ದಳು. ಬದುಕಿದವಳಿಗೆ, ಮಕ್ಕಳನ್ನು ಬೆಳೆಸಿದವಳಿಗೆ, ಬಾಗಿಲು ನೋಡುತ್ತ ಮುದುಕಿಯಾದವಳಿಗೆ ಯಾವ ಕಲ್ಲೂ ಇಲ್ಲ.

1988ರಲ್ಲಿ ಆ ಪದಕಕ್ಕೆ ಕೈ ಚಾಚಿದ್ದು ಅಂಥ ಒಬ್ಬಳು ಹೆಣ್ಣುಮಗಳು. ಪುಸ್ತಕದಲ್ಲಿ ಇರಲಿ ಬಿಡಲಿ, 1965ರ ಪಾಠದಲ್ಲಿ ನಾನು ಅವರ ಹೆಸರನ್ನೂ ಹೇಳಿಯೇ ಮುಂದೆ ಹೋಗುತ್ತೇನೆ.