ಬಾಳಿಕೆಯೆಂಬ ಋಣ: ರೆಫ್ರಿಜರೇಟರ್ ಕಾರ್ಖಾನೆಗಳೆರಡರ ಇತಿಹಾಸ

ಮನೆಬಳಕೆಯ ಯಂತ್ರಗಳು ಕೆಡುವುದು ಹೊಸ ಸಂಗತಿಯೇನಲ್ಲ. ಚಲಿಸುವುದೆಲ್ಲ ಸವೆಯುತ್ತದೆ, ಸವೆದದ್ದು ಒಂದು ದಿನ ನಿಲ್ಲುತ್ತದೆ. ಇದು ಪ್ರಕೃತಿನಿಯಮ. ಇದಕ್ಕಾಗಿ ಯಾರನ್ನೂ ದೂಷಿಸಲಾಗದು. ಆದರೆ ಬಹುಕಾಲ ಬಾಳುವುದೆಂದು ನಂಬಿ ಕೊಂಡ ಯಂತ್ರವು ಎರಡೇ ವರ್ಷಗಳಲ್ಲಿ ನಿಂತುಹೋದಾಗ ಗೃಹಸ್ಥನ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ: ಇದು ಹೀಗೆ ಕೆಡುವುದೆಂದು ಮಾಡಿದವನಿಗೆ ಮೊದಲೇ ತಿಳಿದಿತ್ತೇ? ತಿಳಿದಿದ್ದರೆ ಹೇಳಲಿಲ್ಲವೇಕೆ? ವ್ಯಾಪಾರವೃತ್ತಿಯಲ್ಲಿ ಬಾಳು ಸವೆಸಿದ ನನಗೆ ಈ ಪ್ರಶ್ನೆಯು ಯಂತ್ರಶಾಸ್ತ್ರಕ್ಕಿಂತ ಮಿಗಿಲಾಗಿ ವ್ಯವಹಾರಧರ್ಮಕ್ಕೆ ಸೇರಿದ್ದೆಂದು ತೋರುತ್ತದೆ. ಹಣ ಪಡೆದು ಪದಾರ್ಥ ಕೊಟ್ಟ ಮಾತ್ರಕ್ಕೆ ಮಾರಾಟ ಮುಗಿಯುವುದಿಲ್ಲ. ಅದರ ಬಾಳಿಕೆಯಷ್ಟು ಕಾಲವೂ ಮಾರಿದವನು ಕೊಂಡವನಿಗೆ ಋಣಿಯಾಗಿಯೇ ಇರುತ್ತಾನೆ. ಈ ಮಾತನ್ನು ಸ್ಪಷ್ಟಪಡಿಸುವ ಒಂದು ಇತಿಹಾಸವನ್ನು ಇಲ್ಲಿ ನಿರೂಪಿಸುತ್ತೇನೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 1927ರಲ್ಲಿ ಒಂದು ರೆಫ್ರಿಜರೇಟರನ್ನು ಮಾರುಕಟ್ಟೆಗೆ ತಂದಿತು. ಅದರ ಕಂಪ್ರೆಸರು ದುಂಡನೆಯ ಡಬ್ಬಿಯಂತೆ ಪೆಟ್ಟಿಗೆಯ ನೆತ್ತಿಯ ಮೇಲೆ ಕುಳಿತಿತ್ತು. ಹಿಂದಿನ ಅಂತರ್ಯುದ್ಧದ ಕಾಲದ 'ಮಾನಿಟರ್' ಎಂಬ ಕಬ್ಬಿಣದ ಕವಚದ ಹಡಗಿನ ಫಿರಂಗಿಗೋಪುರವನ್ನು ಹೋಲುತ್ತಿದ್ದುದರಿಂದ ಜನರು ಅದನ್ನು 'ಮಾನಿಟರ್ ಟಾಪ್' ಎಂದು ಕರೆದರು. ಮೋಟಾರು, ಕಂಪ್ರೆಸರು, ಎಣ್ಣೆ ಇವೆಲ್ಲವನ್ನೂ ಗಾಳಿಯಾಡದಂತೆ ಒಂದೇ ಕವಚದೊಳಗೆ ಮುಚ್ಚಿ ಬೆಸೆದಿದ್ದುದು ಅದರ ವಿಶೇಷ. ಬೆಲೆ ಸುಮಾರು 300 ಡಾಲರ್. ಆ ಕಾಲಕ್ಕೆ ಅದು ಅಲ್ಪ ಮೊತ್ತವಲ್ಲ. ಆದರೂ ಹತ್ತು ಲಕ್ಷಕ್ಕಿಂತ ಹೆಚ್ಚು ಯಂತ್ರಗಳು ಮಾರಾಟವಾದವು. ಅವುಗಳಲ್ಲಿ ಕೆಲವು ಹಲವು ದಶಕಗಳು ಕಳೆದ ಮೇಲೂ ಸಂಗ್ರಾಹಕರ ಮನೆಗಳಲ್ಲಿ ಚಾಲನೆಯಲ್ಲಿದ್ದವು. ಕವಚದೊಳಗೆ ಏನಿದೆಯೆಂದು ಗೃಹಿಣಿಯು ಎಂದೂ ನೋಡಲಾರಳು. ಮುಚ್ಚಿದ ಮೇಲೆ ರಿಪೇರಿಯೂ ಸುಲಭವಲ್ಲ. ಆದುದರಿಂದ ಅಲ್ಲಿ ಮಾರಾಟವಾದುದು ಕೇವಲ ಯಂತ್ರವಲ್ಲ, ವಿಶ್ವಾಸ. ಕಾಣದ ಭಾಗವನ್ನೂ ಕಾಣುವ ಭಾಗದಷ್ಟೇ ಶ್ರದ್ಧೆಯಿಂದ ಮಾಡಿದ್ದಾರೆಂಬ ವಿಶ್ವಾಸ.

ಐವತ್ತು ವರ್ಷಗಳ ತರುವಾಯ ಅದೇ ಸಂಸ್ಥೆಯ ಸ್ಥಿತಿ ಬದಲಾಗಿತ್ತು. 1981ರ ಹೊತ್ತಿಗೆ ಅದರ ಗೃಹೋಪಯೋಗಿ ಯಂತ್ರಗಳ ವಿಭಾಗದಲ್ಲಿ ಲಾಭವೂ ಮಾರುಕಟ್ಟೆಯ ಪಾಲೂ ಇಳಿಮುಖವಾಗಿದ್ದವು. ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿದ್ದ ಅದರ ಕಾರ್ಖಾನೆಯಲ್ಲಿ ಒಂದು ಕಂಪ್ರೆಸರ್ ತಯಾರಿಸಲು ಸುಮಾರು 65 ನಿಮಿಷ ಹಿಡಿಯುತ್ತಿತ್ತು. ಜಪಾನ್ ಮತ್ತು ಇಟಲಿಯ ಪ್ರತಿಸ್ಪರ್ಧಿಗಳು ಅದನ್ನು ಸುಮಾರು 25 ನಿಮಿಷಗಳಲ್ಲಿ ಮುಗಿಸುತ್ತಿದ್ದರು. ಹೊರಗಿನಿಂದ ಕೊಂಡುಕೊಳ್ಳಬೇಕು, ಇಲ್ಲವೇ ಹೊಸ ವಿನ್ಯಾಸಕ್ಕೆ ಕೈಹಾಕಬೇಕು ಎಂಬ ಪರಿಸ್ಥಿತಿ ಒದಗಿತು. ಸಂಸ್ಥೆಯು ಎರಡನೆಯ ಮಾರ್ಗವನ್ನು ಆರಿಸಿ, ಟೆನೆಸಿ ರಾಜ್ಯದ ಕೊಲಂಬಿಯದಲ್ಲಿ ಸುಮಾರು 12 ಕೋಟಿ ಡಾಲರ್ ವೆಚ್ಚದ ಹೊಸ ಕಾರ್ಖಾನೆಯನ್ನು ಕಟ್ಟಲು ನಿಶ್ಚಯಿಸಿತು.

ಹೊಸ ಕಂಪ್ರೆಸರು 'ರೋಟರಿ' ಜಾತಿಯದು. ಹಳೆಯದರಲ್ಲಿ ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಚಲಿಸಿದರೆ ಇದರಲ್ಲಿ ಉರುಳೆಯೊಂದು ವೃತ್ತಾಕಾರವಾಗಿ ಸುತ್ತುತ್ತದೆ. ಬಿಡಿಭಾಗಗಳು ಕಡಿಮೆ, ತೂಕ ಕಡಿಮೆ, ವಿದ್ಯುತ್ತಿನ ಉಳಿತಾಯ ಹೆಚ್ಚು. ಈ ವಿನ್ಯಾಸವನ್ನು ಸಂಸ್ಥೆಯು ಹವಾನಿಯಂತ್ರಕಗಳಲ್ಲಿ ಅದಾಗಲೇ ಬಳಸಿತ್ತು. ಆದರೆ ಹವಾನಿಯಂತ್ರಕಕ್ಕೂ ರೆಫ್ರಿಜರೇಟರಿಗೂ ಒಂದು ಭೇದವುಂಟು. ಮೊದಲನೆಯದು ಬೇಸಗೆಯಲ್ಲಿ ದುಡಿದು ಉಳಿದ ಕಾಲ ವಿಶ್ರಮಿಸುತ್ತದೆ. ರೆಫ್ರಿಜರೇಟರಿಗೆ ಅಂಥ ಬಿಡುವಿಲ್ಲ. ಅದು ವರ್ಷವೊಂದರಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು ಕಾಲ ದುಡಿಯುತ್ತದೆ. ಅದರೊಳಗಿನ ಶೀತದ್ರವದ ಹರಿವು ನಿಧಾನವಾದುದರಿಂದ ಕಂಪ್ರೆಸರಿನ ತಾಪವೂ ಬೇಗ ಇಳಿಯುವುದಿಲ್ಲ.

ಇದರ ಜೊತೆಗೆ ಇನ್ನೊಂದು ಮಾರ್ಪಾಡು ಸೇರಿತು. ಕಂಪ್ರೆಸರಿನ ಎರಡು ಸಣ್ಣ ಭಾಗಗಳನ್ನು ಹದಗೊಳಿಸಿದ ಉಕ್ಕು ಮತ್ತು ಎರಕದ ಕಬ್ಬಿಣಕ್ಕೆ ಬದಲಾಗಿ, ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಾಯಿಸಿ ತಯಾರಿಸಲು ತೀರ್ಮಾನಿಸಲಾಯಿತು. ಇದರಿಂದ ಯಂತ್ರದ ಕೊರೆತದ ವೆಚ್ಚ ಉಳಿಯುತ್ತಿತ್ತು. ಭಾಗಗಳ ನಡುವಣ ಅಂತರವಾದರೋ ತಲೆಗೂದಲಿನ ದಪ್ಪದ ಸುಮಾರು ನೂರನೆಯ ಒಂದಂಶ. ಇದೇ ಬಗೆಯ ಲೋಹವನ್ನು ಒಂದು ದಶಕದ ಹಿಂದೆ ಹವಾನಿಯಂತ್ರಕಗಳಲ್ಲಿ ಬಳಸಿ ನೋಡಿದಾಗ ಅದು ತೃಪ್ತಿಕರವಾಗಿರಲಿಲ್ಲ. ಆ ಪೂರ್ವಾನುಭವಕ್ಕೆ ಹೊಸ ವಿನ್ಯಾಸಕಾರರು ತಕ್ಕ ಬೆಲೆ ಕೊಡಲಿಲ್ಲ.

ಇನ್ನು ಪರೀಕ್ಷೆಯ ವಿಷಯ. ಮನೆಗಳಲ್ಲಿರಿಸಿ ಎರಡು ವರ್ಷ ಪರೀಕ್ಷಿಸಬೇಕೆಂದಿದ್ದುದು ಸುಮಾರು ಒಂಬತ್ತು ತಿಂಗಳಿಗೆ ಇಳಿಯಿತು. ಪ್ರಯೋಗಾಲಯದಲ್ಲಿ ಕಂಪ್ರೆಸರುಗಳನ್ನು ಹಗಲಿರುಳು ನಡೆಸಿ, ಎರಡು ತಿಂಗಳ ಕಠಿಣ ಚಾಲನೆಯು ಐದು ವರ್ಷಗಳ ಬಳಕೆಗೆ ಸಮವೆಂದು ಗಣಿಸಲಾಯಿತು. ಅವುಗಳನ್ನು ಬಿಚ್ಚಿ ನೋಡಿದ ತಂತ್ರಜ್ಞರಿಗೆ ಕೆಲವು ಲಕ್ಷಣಗಳು ಕಂಡುಬಂದವು. ಮೋಟಾರಿನ ತಾಮ್ರದ ತಂತಿಯ ಸುರುಳಿಗಳು ಬಣ್ಣಗೆಟ್ಟಿದ್ದವು. ಇದು ಅತಿಯಾದ ತಾಪದ ಗುರುತು. ಬೇರಿಂಗುಗಳ ಮೈ ಸವೆದಂತಿತ್ತು. ಎಣ್ಣೆಯೂ ತನ್ನ ಗುಣ ಕಳೆದುಕೊಂಡು ಜಿಡ್ಡಾಗುತ್ತಿತ್ತು. ಆದರೆ ಯಾವ ಯಂತ್ರವೂ ನಿಂತಿರಲಿಲ್ಲ. ಆದುದರಿಂದ "ದೋಷವಿಲ್ಲ" ಎಂಬ ವರದಿಯಷ್ಟೇ ಮೇಲಿನವರಿಗೆ ತಲುಪಿತು. ಬಣ್ಣಗೆಟ್ಟ ತಂತಿಯ ಸುದ್ದಿ ಕೆಳಗೇ ಉಳಿಯಿತು.

ವಾಚಕರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಇಲ್ಲಿ ಗ್ರಾಹಕನನ್ನು ವಂಚಿಸಬೇಕೆಂದು ಸಂಕಲ್ಪಿಸಿದವರು ಯಾರೂ ಕಾಣುವುದಿಲ್ಲ. ವರದಿ ಬರೆದವರು ಸುಳ್ಳಂಕಿಯನ್ನೂ ಬರೆಯಲಿಲ್ಲ. ಆದರೂ ಸತ್ಯವು ಪೂರ್ಣವಾಗಿ ಹೇಳಲ್ಪಡಲಿಲ್ಲ. ಅಂಕಿ ಸರಿಯಾಗಿದ್ದು ಅರ್ಥ ತಪ್ಪಾಗಿರುವ ಲೆಕ್ಕಪತ್ರವನ್ನು ವಾಣಿಜ್ಯಶಾಸ್ತ್ರ ಓದಿದ ಯಾರೂ ಸುಲಭವಾಗಿ ಊಹಿಸಬಲ್ಲರು. ಯಂತ್ರದ ಲೆಕ್ಕವೂ ಅಂತೆಯೇ. ನಿಂತುಹೋದವುಗಳ ಸಂಖ್ಯೆಯನ್ನು ಮಾತ್ರ ಬರೆದು, ನಿಲ್ಲಲು ಹೊರಟವುಗಳ ಲಕ್ಷಣವನ್ನು ಬಿಟ್ಟರೆ ಆ ಖಾತೆ ಅಪೂರ್ಣ.

1986ರ ಮಾರ್ಚಿಯಲ್ಲಿ ಉತ್ಪಾದನೆ ಆರಂಭವಾಯಿತು. ಆ ವರ್ಷಾಂತ್ಯದೊಳಗೆ ಹತ್ತು ಲಕ್ಷಕ್ಕೂ ಮಿಕ್ಕಿ ಕಂಪ್ರೆಸರುಗಳು ತಯಾರಾದವು. ಮಾರುಕಟ್ಟೆಯ ಪಾಲು ಏರಿತು, ಎಲ್ಲರೂ ಸಂತುಷ್ಟರಾದರು. 1987ರ ಮಧ್ಯಭಾಗದಲ್ಲಿ ಮೊದಲ ಕಂಪ್ರೆಸರ್ ಕೆಟ್ಟ ಸುದ್ದಿ ಬಂದಿತು. ಅನಂತರ ಒಂದರ ಹಿಂದೊಂದು. ಆ ವರ್ಷದ ಕೊನೆಯ ಹೊತ್ತಿಗೆ ಕಾರಣ ನಿಶ್ಚಿತವಾಯಿತು: ಪುಡಿಲೋಹದ ಭಾಗಗಳ ಅತಿಯಾದ ಸವೆತ. ಹಣ ಉಳಿಸಲೆಂದು ಬದಲಿಸಿದ ಆ ಎರಡು ಸಣ್ಣ ಭಾಗಗಳೇ ಮೂಲವಾಗಿದ್ದವು.

ಆಗ ಸಂಸ್ಥೆಯು ಕೈಗೊಂಡ ನಿರ್ಧಾರವನ್ನು ನ್ಯಾಯವಾಗಿ ಪ್ರಶಂಸಿಸಬೇಕು. ಕೆಟ್ಟವುಗಳನ್ನು ಮಾತ್ರವಲ್ಲ, ಇನ್ನೂ ಕೆಡದೆ ನಡೆಯುತ್ತಿದ್ದ ಕಂಪ್ರೆಸರುಗಳನ್ನೂ ತಾನಾಗಿಯೇ ಬದಲಿಸಿಕೊಡಲು ಮುಂದಾಯಿತು. ಸುಮಾರು 11 ಲಕ್ಷ ಕಂಪ್ರೆಸರುಗಳು ಹೀಗೆ ಬದಲಾದವು. ಇದಕ್ಕಾಗಿ 1988ರ ಲೆಕ್ಕದಲ್ಲಿ 45 ಕೋಟಿ ಡಾಲರುಗಳ ಹೊರೆಯನ್ನು ತೋರಿಸಲಾಯಿತು. ಹೊಸ ಕಾರ್ಖಾನೆಗೆ ತೊಡಗಿಸಿದ ಹಣದ ಸುಮಾರು ನಾಲ್ಕು ಪಟ್ಟು ಇದು. ಭಾಗಿಸಿ ನೋಡಿದರೆ ಕಂಪ್ರೆಸರ್ ಒಂದಕ್ಕೆ 400 ಡಾಲರುಗಳಿಗೂ ಮೇಲೆ. ಬದಲಿ ಕಂಪ್ರೆಸರುಗಳಲ್ಲಿ ಬಹುಪಾಲು ಪರದೇಶದ ತಯಾರಕರಿಂದಲೇ ಬಂದವು. ಯಾವುದನ್ನು ಕೊಳ್ಳಬಾರದೆಂದು ಕಾರ್ಖಾನೆ ಕಟ್ಟಿದರೋ ಅದನ್ನೇ ಕೊಂಡು ಹಂಚಬೇಕಾಯಿತು.

ಇದೇ ಕಾಲದಲ್ಲಿ ಚೀನಾದೇಶದ ಚಿಂಗ್‌ದಾವ್ ನಗರದಲ್ಲಿ ನಡೆದ ಘಟನೆಯೊಂದು ಇದರೊಡನೆ ತೂಗಿ ನೋಡಲು ಯೋಗ್ಯವಾದುದು. ಅಲ್ಲಿನ ಸಣ್ಣ ರೆಫ್ರಿಜರೇಟರ್ ಕಾರ್ಖಾನೆಯೊಂದು ಸಾಲದಲ್ಲಿ ಮುಳುಗಿತ್ತು. 1984ರ ಕೊನೆಯಲ್ಲಿ ಚಾಂಗ್ ರುಯಿಮಿನ್ ಎಂಬವರು ಅದರ ನಿರ್ದೇಶಕರಾದರು. 1985ರಲ್ಲಿ ಗ್ರಾಹಕರೊಬ್ಬರ ದೂರು ಅವರಿಗೆ ತಲುಪಿತು. ಅವರು ಗೋದಾಮಿಗೆ ಹೋಗಿ ಅಲ್ಲಿದ್ದ ನಾನೂರಕ್ಕೂ ಹೆಚ್ಚು ರೆಫ್ರಿಜರೇಟರುಗಳನ್ನು ಪರೀಕ್ಷಿಸಲು, 76ರಲ್ಲಿ ಒಂದಲ್ಲ ಒಂದು ದೋಷ ಕಂಡುಬಂದಿತು. ಕೆಲಸಗಾರರಿಗೇ ಅಗ್ಗದ ಬೆಲೆಗೆ ಕೊಟ್ಟುಬಿಡೋಣವೆಂಬ ಸಲಹೆ ಬಂದಿತು. ಅವರು ಒಪ್ಪಲಿಲ್ಲ. ತಯಾರಿಸಿದವರ ಕೈಗೇ ಸುತ್ತಿಗೆ ಕೊಟ್ಟು ಎಲ್ಲರೆದುರು ಆ 76ನ್ನೂ ಒಡೆಸಿದರು. ಆಗ ಒಂದು ರೆಫ್ರಿಜರೇಟರಿನ ಬೆಲೆಯು ಕೆಲಸಗಾರನ ಎರಡು ವರ್ಷಗಳ ಸಂಬಳದಷ್ಟಿತ್ತು. ಒಡೆಯುತ್ತಿದ್ದವರ ಕಣ್ಣಲ್ಲಿ ನೀರು ಬಂದಿತೆಂದು ಹೇಳುತ್ತಾರೆ. ಆ ಸುತ್ತಿಗೆಗಳಲ್ಲೊಂದು ಮುಂದೆ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿತು.

ಪದಾರ್ಥವನ್ನು ಒಡೆದು ಹಾಕುವುದನ್ನು ನಾನು ಮನಸಾರೆ ಮೆಚ್ಚಲಾರೆ. ಸರಿಪಡಿಸಬಹುದಾದುದನ್ನು ನಾಶಮಾಡುವುದು ಅಪವ್ಯಯವೇ. ಆದರೆ ಆ ಘಟನೆಯ ಮರ್ಮ ಸುತ್ತಿಗೆಯಲ್ಲಿಲ್ಲ. ಒಬ್ಬ ಗ್ರಾಹಕನ ದೂರು ಅತ್ಯಂತ ಮೇಲಿನವನ ಕಿವಿಯನ್ನು ತಲುಪಿತು. ತಲುಪಿದೊಡನೆ ಅವನು ತಾನೇ ಎದ್ದು ಗೋದಾಮಿಗೆ ಹೋದನು. ಕಂಡ ದೋಷವನ್ನು ಎಲ್ಲರಿಗೂ ಕಾಣುವಂತೆ ಮಾಡಿದನು. ಲೂಯಿವಿಲ್ಲಿನಲ್ಲಿ ಇಲ್ಲದೆ ಹೋದುದು ಇದೊಂದೇ. ಅಲ್ಲಿ ಹಣವಿತ್ತು, ವಿದ್ಯೆಯಿತ್ತು, ದೋಷವನ್ನು ಕಂಡ ಕಣ್ಣುಗಳೂ ಇದ್ದವು. ಕಂಡವನ ಮಾತು ಮೇಲೇರುವ ಮೆಟ್ಟಿಲು ಮಾತ್ರ ಇರಲಿಲ್ಲ. ಚಿಂಗ್‌ದಾವ್‌ನ ಆ ಸಣ್ಣ ಕಾರ್ಖಾನೆ ಮುಂದೆ 'ಹೈಯರ್' ಎಂಬ ಹೆಸರಿನಿಂದ ಬೆಳೆಯಿತು. 2016ರಲ್ಲಿ ಅದು ಜನರಲ್ ಎಲೆಕ್ಟ್ರಿಕ್ಕಿನ ಗೃಹೋಪಯೋಗಿ ಯಂತ್ರಗಳ ವಿಭಾಗವನ್ನೇ 500 ಕೋಟಿಗೂ ಹೆಚ್ಚು ಡಾಲರುಗಳಿಗೆ ಕೊಂಡುಕೊಂಡಿತು. ಈ ಕ್ರಯವಿಕ್ರಯಕ್ಕೆ ಕಂಪ್ರೆಸರಿನ ಪ್ರಕರಣವೇ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ನಡುವೆ ಮೂವತ್ತು ವರ್ಷಗಳ ಅಂತರವಿದೆ. ಆದರೂ ಎರಡು ಮನೆತನಗಳ ಹಳೆಯ ಖಾತೆಪುಸ್ತಕಗಳನ್ನು ಒಟ್ಟಿಗೆ ತೆರೆದು ನೋಡಿದವನಿಗೆ ಇದು ಚಿಂತನೆಗೆ ಎಡೆಗೊಡುವ ಸಂಗತಿ.

ಅಂಗಡಿ ನಡೆಸುವವರೂ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಕುಳಿತವರೂ ಇದರಿಂದ ಗ್ರಹಿಸಬೇಕಾದುದು ಇಷ್ಟೇ. ನೀರೆತ್ತುವ ಪಂಪಿನ ಸದ್ದು ಬದಲಾಗಿದೆಯೆಂದು ಮೊದಲು ಹೇಳುವವನು ಕಾವಲುಗಾರ. ಸ್ವಿಚ್ಚು ಬಿಸಿಯಾಗುತ್ತಿದೆಯೆಂದು ಮೊದಲು ಅರಿಯುವವಳು ಅಡುಗೆಯಾಕೆ. ಮಾರಿದ ಸರಕು ಮರಳಿ ಬರುತ್ತಿದೆಯೆಂದು ಮೊದಲು ಕಾಣುವವನು ಗುಮಾಸ್ತ. "ಇನ್ನೂ ನಡೆಯುತ್ತಿದೆಯಲ್ಲ" ಎಂದು ಅವರನ್ನು ಸುಮ್ಮನಾಗಿಸುವುದು ಸುಲಭ. ಅದರ ಬೆಲೆ ಎಷ್ಟೆಂಬುದನ್ನು 1988ರ ಆ ಲೆಕ್ಕಪತ್ರ ತೋರಿಸಿಕೊಟ್ಟಿದೆ. ಯಂತ್ರವು ಒಂದು ದಿನ ಕೆಟ್ಟೇ ಕೆಡುವುದು. ಆದರೆ ಅದು ಕೆಡುವ ಮೊದಲು ಯಾರೋ ಒಬ್ಬರು ಕಂಡಿರುತ್ತಾರೆ. ಅವರು ಹೇಳಿದಾಗ ಕೇಳಿಸಿಕೊಳ್ಳುವುದು ಯಜಮಾನನ ಕರ್ತವ್ಯ.